ಹಸಿರು ಬಟ್ಟೆಯ ಮೇಲೆ ಕುಂಕುಮ

ಮೂರನೇ ರೊಟ್ಟಿ ಹಂಚಿನ ಮೇಲಿತ್ತು. ನಾಲ್ಕನೆಯದು ಪುಷ್ಪಲತಾಳ ಅಂಗೈ ಕೆಳಗೆ ಅರ್ಧ ಅಗಲವಾಗಿತ್ತು. ಅಷ್ಟರಲ್ಲಿ ತಲೆಯ ಮೇಲೆ ‘ಟಕ್’ ಎಂದಿತು. ಕೈ ನಿಂತಿತು. ಮತ್ತೊಮ್ಮೆ ‘ಟಕ್’, ಅದರ ಬೆನ್ನಿಗೇ ಏನೋ ಉರುಳಿಹೋದ ಸದ್ದು.

ಮಾಳಿಗೆಯ ಮೇಲೆ ಅವರದೇ ಪೂಲ್ ಹಾಲ್. ಕೋಲಿನಿಂದ ಚೆಂಡುಗಳನ್ನು ತೂತಿಗೆ ತಳ್ಳುವ ಆಟದ ಒಂದೇ ಟೇಬಲ್. ಬೆಳಿಗ್ಗೆ ಏಳಕ್ಕೆ ಅಲ್ಲಿಗೆ ಯಾರೂ ಬರುವುದಿಲ್ಲ. ರಾಣೆಬೆನ್ನೂರಿನ ಹುಡುಗರು ಬರುವುದು ಹನ್ನೊಂದರ ಮೇಲೆ. ಬ್ಯಾಡಗಿಯವರು ಮೆಣಸಿನಕಾಯಿ ಮಾರುಕಟ್ಟೆಯ ಕೆಲಸ ಮುಗಿಸಿಕೊಂಡು ಸಂಜೆಗೆ.

“ಅತ್ತೀ, ಮ್ಯಾಲಿನ ಬಾಗಿಲಾ ಹಾಕ್ಕೊಂಡ ಬಂದೀರಿಲ್ಲ?”

ಸುಶೀಲವ್ವ ಪೂಜೆಯ ತಟ್ಟೆ ಹಿಡಿದು ಈಗಷ್ಟೇ ಮೇಲಿನಿಂದ ಇಳಿದು ಬಂದಿದ್ದಳು. “ಒಂದು ಕೈಯಾಗ ತಟ್ಟಿ, ಒಂದು ಕೈಯಾಗ ಮೊಣಕಾಲು. ಬಾಗಲಾ ಹಾಕಾಕ ಮೂರನೇ ಕೈ ನಿಮ್ಮಪ್ಪ ಕೊಡ್ತಾನೇನು?”

“ರೊಟ್ಟಿ ನೋಡ್ರಿ ಹಂಗಾದ್ರ,” ಎಂದು ಪುಷ್ಪಲತಾ ಹಿಟ್ಟಿನ ಕೈಯಲ್ಲೇ ಎದ್ದಳು.

ಹದಿನೆಂಟು ಮೆಟ್ಟಿಲು. ನಿನ್ನೆ ಗಂಡನನ್ನು ಹಾವೇರಿಗೆ ಕೈ ವ್ಯಾಯಾಮಕ್ಕೆ ಕರೆದೊಯ್ದು, ಸಂಜೆಯ ಬಸ್ಸಿನಲ್ಲಿ ನಿಂತೇ ಬಂದು, ಬಟ್ಟೆ ಒಗೆದು ಮಲಗಿದ್ದಳು. ಕಾಲುಗಳು ಇನ್ನೂ ಬಸ್ಸಿನಲ್ಲೇ ಇದ್ದಂತಿದ್ದವು. ಒಂಬತ್ತನೇ ಮೆಟ್ಟಿಲಲ್ಲಿ ನಿಂತು ಉಸಿರು ತೆಗೆದುಕೊಂಡಳು. ಮೇಲಿರುವುದು ಯಾರೆಂದು ಅವಳಿಗೆ ಆಗಲೇ ಗೊತ್ತಾಗಿತ್ತು.

ಮಗಳು ದುರ್ಗಾ ಟೇಬಲ್ಲಿನ ಆಚೆ ನಿಂತಿದ್ದಳು. ತನಗಿಂತ ಉದ್ದದ ಸ್ಟಿಕ್ಕನ್ನು ಬೆನ್ನ ಹಿಂದೆ ಅಡಗಿಸಿದ್ದಳು. ಅದರ ತುದಿ ಜುಟ್ಟಿನ ಮೇಲೆ ಕೊಂಬಿನ ಹಾಗೆ ಎದ್ದು ಕಾಣುತ್ತಿತ್ತು.

“ನಾ ಏನೂ ಮಾಡಿಲ್ಲ.”

“ಹಂಗಾದ್ರ ಇದ್ಯಾರು ಮಾಡ್ಯಾರ?”

ಟೇಬಲ್ಲಿನ ಹಸಿರು ಬಟ್ಟೆಯ ಮೇಲೆ ಕೆಂಪು ಚುಕ್ಕೆಗಳು ಬಿದ್ದಿದ್ದವು. ಗೇಣಿಗಿಂತ ತುಸು ಕಡಿಮೆ ಅಂತರಕ್ಕೊಂದು, ಸಾಲಾಗಿ. ಸುಶೀಲವ್ವನಿಗೆ ಮಂಗಳವಾರ, ಶುಕ್ರವಾರ ಟೇಬಲ್ಲಿನ ಪೂಜೆ ಆಗಲೇಬೇಕು. ಅಂಚಿನ ಕಟ್ಟಿಗೆಗೆ ವಿಭೂತಿ, ಬಿಳಿ ಚೆಂಡಿಗೆ ಹಸಿ ಕುಂಕುಮ. “ಎಲ್ಲಾ ಚೆಂಡೂ ತೂತಿಗೆ ಬಿದ್ರ ನಡೀತೈತಿ, ಬಿಳೇದು ಬಿದ್ರ ತಪ್ಪು. ಮನಿ ಯಜಮಾನ ಇದ್ದಂಗ ಅದು,” ಎಂದು ಅವಳು ಆಟದ ನಿಯಮವನ್ನು ತನ್ನ ರೀತಿಯಲ್ಲಿ ಅರ್ಥ ಮಾಡಿಕೊಂಡಿದ್ದಳು. ಹಾಲ್ ತೆರೆಯುವ ಮುಂಚೆ ಆ ಕುಂಕುಮ ಒರೆಸುವುದು ಪುಷ್ಪಲತಾಳ ಕೆಲಸ. ಇವತ್ತು ಅವಳು ಬರುವ ಮೊದಲೇ ಚೆಂಡು ಉರುಳಿತ್ತು.

ಬೈಯಬೇಕೆಂದುಕೊಂಡಳು. ಆದರೆ ಬೈಯುವುದಕ್ಕೂ ಶಕ್ತಿ ಬೇಕು. ಗೋಡೆಯ ಪಕ್ಕದ ಕುರ್ಚಿಯಲ್ಲಿ ಕುಳಿತಳು. “ಹೊಡಿ ನೋಡೂಣು,” ಎಂದಳು.

ದುರ್ಗಾ ನಂಬದೆ ಒಂದು ಕ್ಷಣ ನೋಡಿದಳು. ಆಮೇಲೆ ಬಗ್ಗಿದಳು. ತೋಳನ್ನೆಲ್ಲ ಬೀಸಿ ಹೊಡೆದಳು. ಚೆಂಡು ಹೆದರಿದ ಕುರಿಯಂತೆ ಓರೆಯಾಗಿ ಓಡಿತು.

“ಹಂಗಲ್ಲವಾ. ಎಡಗೈ ಬಟ್ಟಿ ಮ್ಯಾಲೆ ಊರು. ಬೆರಳು ಅಗಲ ಮಾಡು. ಹೆಬ್ಬೆಟ್ಟು ಎತ್ತಿ ಹಿಡಿ, ಆ ಸಂದಿನ್ಯಾಗ ಸ್ಟಿಕ್ ಆಡ್ಲಿ. ಗದ್ದ ಸ್ಟಿಕ್ಕಿನ ಮ್ಯಾಲೆ ಬರಬೇಕು. ಮೊಣಕೈ ಕೆಳಗಿನ ಕೈ ಮಾತ್ರ ತೊಟ್ಟಿಲದಂಗ ತೂಗಬೇಕು, ಭುಜ ಅಲ್ಲಾಡಬಾರದು.”

ಇದೆಲ್ಲ ಏಳು ವರ್ಷ ಚಹಾ ತಂದುಕೊಡುತ್ತ ಕಿವಿಗೆ ಬಿದ್ದ ಮಾತು. ಗಂಡ ಹನುಮೇಶ ಹೊಸಬರಿಗೆಲ್ಲ ಹೀಗೇ ಹೇಳುತ್ತಿದ್ದ. ಆದರೆ ಅವಳು ಒಮ್ಮೆಯೂ ಸ್ಟಿಕ್ ಹಿಡಿದಿರಲಿಲ್ಲ. ದುರ್ಗಾ ಅವ್ವ ಹೇಳಿದಂತೆ ಬಗ್ಗಿ ಮತ್ತೆ ಹೊಡೆದಳು. ಚೆಂಡು ಮತ್ತೆ ಓರೆಯಾಗಿ ಹೋಯಿತು.

“ಯಾಕ ಹಂಗ ಹೋಗ್ತೈತಿ?”

“ನನಗ ತಿಳಿಯಂಗಿಲ್ಲ ನೋಡವಾ,” ಎಂದಳು ಪುಷ್ಪಲತಾ.

ದುರ್ಗಾ ಟೇಬಲ್ಲಿನ ಅಂಚಿಗೆ ಒತ್ತಿ ನಿಂತು ಕೈ ಮಡಚಿದಳು. ಮೊಣಕೈ ಅಂಚಿನ ಕಟ್ಟಿಗೆಗಿಂತ ಎರಡು ಬೆರಳು ಎತ್ತರಕ್ಕಿತ್ತು. ಬಾಯಿ ತೆರೆದಳು, ಮುಚ್ಚಿದಳು.

“ಏನು?”

“ಏನಿಲ್ಲ.”

ಪುಷ್ಪಲತಾಳಿಗೆ ಗೊತ್ತಿತ್ತು. ‘ನಿನ್ನ ಮೊಣಕೈ ಟೇಬಲ್ ಅಂಚು ದಾಟಿದ ದಿವಸ ಆಟ ಕಲಸ್ತೇನಿ’ ಎಂದು ಹನುಮೇಶ ಹಿಂದಿನ ವರ್ಷ ಮಗಳಿಗೆ ಮಾತು ಕೊಟ್ಟಿದ್ದ. ಐದು ತಿಂಗಳ ಹಿಂದೆ ಅವನಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು. ಆಸ್ಪತ್ರೆಯಿಂದ ಬಂದ ದಿನ ಇವಳೇ ಮಗಳನ್ನು ಅಡುಗೆಮನೆಗೆ ಎಳೆದು, “ಅಪ್ಪನ ಮುಂದ ಆಟದ ಮಾತು ತಗೀಬ್ಯಾಡ, ಆಣಿ ಮಾಡು,” ಎಂದಿದ್ದಳು. ಮಗು ಆಣೆ ಮಾಡಿತ್ತು. ಅಂದಿನಿಂದ ಅವನು ಮೆಟ್ಟಿಲು ಹತ್ತಿಲ್ಲ, ಇವಳು ಕೇಳಿಲ್ಲ. ಅವನ ಮನಸ್ಸು ಉಳಿಯಲಿ ಎಂದು ಹಾಕಿದ ಬೀಗ. ಈಗ ನೋಡಿದರೆ ಅದರೊಳಗೆ ಅಪ್ಪ ಮಗಳು ಇಬ್ಬರೂ ಸಿಕ್ಕಿಬಿದ್ದಿದ್ದರು.

“ದುರ್ಗಾ, ನಾ ಅವತ್ತ ಆಣಿ ಹಾಕ್ಸಿದ್ದು ತಪ್ಪಾತು. ಅದನ್ನ ಬಿಟ್ಟೇನಿ. ಕೇಳಬೇಕನಸಿದ್ರ ಅಪ್ಪನ್ನ ಕೇಳು.”

“ಅಪ್ಪ ಅತ್ರ?”

“ಅತ್ರ ಅಳ್ಳಿ. ನಾ ಇರ್ತೇನಿ.”

ಮಗು ತಲೆ ತಗ್ಗಿಸಿತು.

ಟೇಬಲ್ ಬಟ್ಟೆ ಝಾಡಿಸುವ ಬ್ರಷ್ ಮೊಳೆಗೆ ತೂಗುತ್ತಿತ್ತು. ಪುಷ್ಪಲತಾ ಅದನ್ನು ಮುಟ್ಟಲಿಲ್ಲ. ಕೆಳಗಿಳಿದಳು.

ಹನುಮೇಶ ಪಡಸಾಲೆಯಲ್ಲಿ ಕುಳಿತು ಎಡಗೈಯಿಂದ ಬಲಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದ. ಮನೆಯೆಲ್ಲ ರೊಟ್ಟಿ ಸೀದ ವಾಸನೆ.

“ಏನ್ರಿ, ಟೇಬಲ್ ಬಟ್ಟಿ ಮ್ಯಾಲೆ ಕುಂಕುಮ ಬಿದ್ದೈತಿ. ಒಂದೀಟು ಬಂದು ನೋಡ್ರಿ.”

“ಬ್ರಷ್‌ಲೆ ಝಾಡಿಸು.”

“ಹಸೀದೈತಿ. ಹೋಗಂಗಿಲ್ಲ.”

“ಒಣಗ್ಲಿ ಬಿಡು. ನಾ ಬಂದು ಮಾಡೂದೇನೈತಿ ಅಲ್ಲಿ?”

ಪುಷ್ಪಲತಾ ಬಚ್ಚಲಿಗೆ ಹೋಗಿ ಬಕೆಟ್ಟಿಗೆ ನೀರು ಬಿಟ್ಟಳು. ಸೋಪಿನ ಪುಡಿ ಹಾಕಿ, ಪಾತ್ರೆ ತಿಕ್ಕುವ ಬ್ರಷ್ಷನ್ನು ಅದರಲ್ಲಿಟ್ಟು, ಅವನ ಮುಂದಿನಿಂದಲೇ ಹಾದುಹೋದಳು.

“ಎಲ್ಲಿಗ ಒಯ್ಯಾಕತ್ತೀ ಅದನ್ನ?”

“ಮ್ಯಾಲೆ. ತಿಕ್ಕಿ ತೊಳದಬಿಡ್ತೇನಿ.”

“ಏ! ಹುಚ್ಚೀ! ನೀರ ಹಚ್ಚಬ್ಯಾಡ! ಬಟ್ಟಿ ಉಬ್ಬತೈತಿ, ಚೆಂಡು ಓಡಂಗಿಲ್ಲ. ನಿಂದ್ರು!”

ಅವಳು ನಿಲ್ಲಲಿಲ್ಲ. ಎರಡು ಮೆಟ್ಟಿಲು ಹತ್ತಿದಳು. ಹಿಂದೆ ಚಪ್ಪಲಿಯ ಸದ್ದು, ಗೋಡೆಗೆ ಕೈ ಉಜ್ಜಿದ ಸದ್ದು. “ಯಪ್ಪಾ, ಬೀಳ್ತೀಯೋ,” ಎಂದು ಸುಶೀಲವ್ವ ಕೂಗಿದಳು. ಪುಷ್ಪಲತಾ ಬಕೆಟ್ಟನ್ನು ಅಲ್ಲೇ ಮೂಲೆಗಿಟ್ಟು, ಇಳಿದು ಅವನ ಹಿಂದೆ ಬಂದು ನಿಂತಳು. ಅವನು ನೋಡಿದ. ಒಂದೊಂದೇ ಮೆಟ್ಟಿಲು. ಒಂಬತ್ತನೆಯದರಲ್ಲಿ ಅವನೂ ನಿಂತ. ಅವಳು ಕಾದಳು.

ಹಾಲ್‌ನಲ್ಲಿ ಅವನು ಎಡಗೈಯಿಂದ ಟೇಬಲ್ ಅಂಚನ್ನು ಹಿಡಿದು ಬಟ್ಟೆಯ ಮೇಲೆ ಬಗ್ಗಿದ. ಬಾಗಿಲ ಪಕ್ಕ ನಿಂತ ಮಗಳನ್ನು ಅವನು ಗಮನಿಸಿರಲಿಲ್ಲ. ಅವನ ಕಣ್ಣು ಚುಕ್ಕೆಗಳ ಮೊದಲ ಸಾಲಿನ ಬೆನ್ನು ಹತ್ತಿತ್ತು.

“ಒಂದು, ಎರಡು, ಮೂರು… ಇಲ್ಲಿಗೆ ನಿಂತಾವ,” ಎಂದ. “ನೋಡು, ಚೆಂಡು ಮುಂದ ಹೋಗೇತಿ, ಕುಂಕುಮ ಬಾಜೂಕ ಹೊಳ್ಳಿ ಬಟ್ಟಿಗೆ ತಾಗೋದು ಬಿಟ್ಟೈತಿ. ಪೆಟ್ಟು ನಟ್ಟನಡುವ ಬಿದ್ದಿಲ್ಲ. ನಡುವ ಬಿದ್ದಿದ್ರ ಚುಕ್ಕಿ ಆ ಅಂಚಿನ ಮಟಾ ಸೀದಾ ಬೀಳತಿದ್ವು.” ತುಸು ನಕ್ಕ. ಐದು ತಿಂಗಳಲ್ಲಿ ಅವಳು ನೋಡಿದ ಮೊದಲ ನಗು. ಅರ್ಧ ಮುಖಕ್ಕಷ್ಟೇ ಬಂತು. “ಯಾರದಿದು? ಮೋಟೆಬೆನ್ನೂರ ಸುನೀಲಕುಮಾರಂದೇನು? ಅವನೂ ಹಿಂಗ, ಭುಜಾ ಅಲ್ಲಾಡಸ್ತಾನ ಮಗ.”

ಪುಷ್ಪಲತಾ ಸೆರಗಿನಿಂದ ಕೈಯ ಒಣ ಹಿಟ್ಟು ಒರೆಸಿಕೊಳ್ಳುತ್ತ ಮಗಳತ್ತ ನೋಡಿದಳು.

ದುರ್ಗಾ ಬಂದು ಅಪ್ಪನ ಬಲಗಡೆ, ಆ ಸುಮ್ಮನೆ ಜೋತುಬಿದ್ದ ಕೈಯ ಪಕ್ಕ ನಿಂತಳು. ಮೊಣಕೈ ಮಡಚಿ ಅಂಚಿನ ಮೇಲಿಟ್ಟಳು. ಅವನು ತಿರುಗಿ ಮೊದಲು ಮೊಣಕೈಯನ್ನು ನೋಡಿದ, ಆಮೇಲೆ ಅವಳ ಮುಖವನ್ನು.

ಕೆಳಗಿನಿಂದ ಸುಶೀಲವ್ವ, “ಇನ್ನೊಂದು ರೊಟ್ಟಿ ಸೀದು ಹೋತು ನೋಡ್ರಿ!” ಎಂದಳು.

“ಅಪ್ಪಾ,” ಎಂದಳು ದುರ್ಗಾ. ಒಮ್ಮೆ ಅವ್ವನನ್ನು ನೋಡಿದಳು. “ದಾಟೇತಿ ನೋಡು. ಕಲಸ್ತೀಯೇನು ನನಗ?”