ಅತ್ತೆಯ ಟಗ್ಗಿಗೆ ಅಡ್ಡಕೋಲು

ವಿಮಾನಗಳು ನಿಲ್ಲುವ ಆ ಕಾಂಕ್ರೀಟಿನ ಅಂಗಳದಲ್ಲಿ ದೊಡ್ಡಮ್ಮ ಎಂದರೆ ಒಬ್ಬರೇ. ಟಗ್ಗು ಎಂಬ ಗಿಡ್ಡ ಗಾಡಿಯ ಮೇಲೆ ಕೂತು, ಮನೆಗಿಂತ ದೊಡ್ಡ ವಿಮಾನವನ್ನು ಮೂಗು ಹಿಡಿದು ಹಿಂದಕ್ಕೆ ತಳ್ಳುವವರು. ಪೈಲಟ್ಟುಗಳೂ ಅವರಿಗೊಂದು ನಮಸ್ಕಾರ ಹಾಕಿಯೇ ಮೆಟ್ಟಿಲು ಹತ್ತುತ್ತಿದ್ದರು. ಅವರ ಟಗ್ಗಿಗೆ ಕೋಲು ಅಡ್ಡ ಹಿಡಿಯುವ ಗಂಡು ಇನ್ನೂ ಹುಟ್ಟಿಲ್ಲ ಎಂದು ಊಟದ ಹೊತ್ತಿನಲ್ಲಿ ಅವರೇ ಹೇಳಿಕೊಳ್ಳುತ್ತಿದ್ದರು. ಗಂಡು ಹುಟ್ಟಿರಲಿಲ್ಲ, ನಿಜ. ಹೆಣ್ಣೊಬ್ಬಳು ಹುಟ್ಟಿ, ಬೆಳೆದು, ಅವರದೇ ಮನೆಗೆ ಸೊಸೆಯಾಗಿ ಬಂದಿದ್ದಳು.

ಕೋಲು ಅಂದರೆ ಹೊಡೆಯುವ ಕೋಲಲ್ಲ. ವಿಮಾನ ಹೊರಟಾಗ ಎರಡೂ ರೆಕ್ಕೆಗಳ ತುದಿಗೆ ಒಬ್ಬೊಬ್ಬರು ಕಾವಲಾಗಿ ನಡೆಯುತ್ತಾರೆ. ಅವರ ಕೈಯಲ್ಲಿರುವ ಕಿತ್ತಳೆ ಬಣ್ಣದ ಜೋಡಿ ಕೋಲು ಅದು. ಎಂಜಿನ್ನುಗಳ ಗದ್ದಲಕ್ಕೆ ಅಲ್ಲಿ ಎಲ್ಲರ ಕಿವಿಗೂ ಮುಚ್ಚಳ. ಬಾಯಿ ಇದ್ದೂ ಉಪಯೋಗವಿಲ್ಲ. ಕೋಲು ನೆಟ್ಟಗಿದ್ದರೆ ಬಾ ಎಂದು, ತಲೆಯ ಮೇಲೆ ಅಡ್ಡ ಹಿಡಿದರೆ ನಿಲ್ಲು ಎಂದು. ಹಿಡಿದವರು ನಿನ್ನೆ ಸೇರಿದವರೇ ಆಗಿರಲಿ, ಟಗ್ಗು ನಿಲ್ಲಬೇಕು. ಯಾಕೆ ಅನ್ನುವುದು ಆಮೇಲಿನ ಮಾತು. ಕಾವಲಿನವರು ಕಣ್ಣಿಗೆ ಮರೆಯಾದರೂ ನಿಲ್ಲಿಸಬೇಕು.

ಸೊಸೆಗೆ ಈ ಕೆಲಸ ಕೊಡಿಸಿದವರು ಅತ್ತೆಯೇ. ಅವಳ ಪರೀಕ್ಷೆಯ ಅವಧಿ ಅಂದಿಗೆ ಮುಗಿಯುತ್ತಿತ್ತು. ಸಂಜೆ ದೊಡ್ಡಮ್ಮ "ಆಗಬಹುದು" ಅಂದರೆ ಖಾಯಂ, ಇಲ್ಲವೆಂದರೆ ಮನೆ. ಸೊಸೆಗೋ ಆ ಕೆಲಸದ ಮೇಲೆ ಜೀವ. ರೆಕ್ಕೆಯ ನೆರಳಿನ ಅಂಚಿನಲ್ಲಿ ಹೆಜ್ಜೆ ಹಾಕುವಾಗ, ಇಷ್ಟು ದೊಡ್ಡ ವಸ್ತು ತನ್ನ ಕಣ್ಣನ್ನು ನಂಬಿ ಚಲಿಸುತ್ತಿದೆಯಲ್ಲ ಎಂದು ಅವಳಿಗೆ ಹೆಮ್ಮೆ.

ತೊಡಕು ಒಂದೇ. ಮನೆಯಲ್ಲಿ ಅವಳು ಅತ್ತೆಗೆ ಎದುರಾಡಿದವಳಲ್ಲ. ಅತ್ತೆ ಕಪಾಟನ್ನು ಕಿಟಕಿಗೆ ಅಡ್ಡ ಇಡಿಸಿದಾಗಲೂ, ಅವಳ ಕೋಣೆಗೆ ತಮಗಿಷ್ಟದ ನೇರಳೆ ಬಣ್ಣ ಬಳಿಸಿದಾಗಲೂ, ತುಟಿಪಿಟಕ್ಕೆನ್ನದೆ ಒಳಗೆ ಹೋಗಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ತೊಳೆದಿದ್ದಳು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರೆ. ಆ ಮನೆಯಲ್ಲಿ ಕೊತ್ತಿ ಇರಲಿಲ್ಲ, ಪಾತ್ರೆಗಳಿದ್ದವು. ಗಂಡನೋ, ಅಮ್ಮನ ಮಾತಿಗೂ ಹೂಂ, ಹೆಂಡತಿಯ ಮಾತಿಗೂ ಹೂಂ.

ಅಂದು ಮಧ್ಯಾಹ್ನ ಖಾಲಿ ವಿಮಾನವೊಂದನ್ನು ತೊಳೆಯುವ ಜಾಗಕ್ಕೆ ಒಯ್ಯಬೇಕಿತ್ತು. ಬಲರೆಕ್ಕೆಗೆ ಇನ್ನೊಬ್ಬ, ಎಡರೆಕ್ಕೆಗೆ ಸೊಸೆ. ಅತ್ತೆಗೆ ಬೆಳಗಿನಿಂದ ತಲೆನೋವು, ಬೇಗ ಮುಗಿಸುವ ಅವಸರ. ನಡಿಗೆಗಿಂತ ವೇಗವಾಗಿ ತಳ್ಳಬಾರದು ಎಂಬುದು ಆ ಅಂಗಳದ ಮೊದಲ ಪಾಠ. ಸೊಸೆ ಆಗಲೇ ನಡಿಗೆ ಬಿಟ್ಟು ಓಟಕ್ಕಿಳಿದಿದ್ದಳು. ಅಷ್ಟರಲ್ಲಿ ವಿಮಾನಗಳಿಗೆ ಊಟದ ಡಬ್ಬಿ ಏರಿಸುವ ಲಾರಿ ಕಣ್ಣಿಗೆ ಬಿತ್ತು. ಯಾರೋ ಪುಣ್ಯಾತ್ಮ ಅದರ ಪೆಟ್ಟಿಗೆಯನ್ನು ಮೇಲಕ್ಕೆತ್ತಿ, ಬಾಲವನ್ನು ಗಾಡಿಗಳು ದಾಟಬಾರದ ಕೆಂಪು ಗೆರೆಯಿಂದ ಆಚೆಗೆ ಚಾಚಿ ನಿಲ್ಲಿಸಿದ್ದ. ರೆಕ್ಕೆಯ ತುದಿ ಸೀದಾ ಅದರ ಕಡೆಗೇ ಹೊರಟಿತ್ತು.

ಕೋಲು ಎತ್ತಬೇಕು. ಕೈ ಏಳಲಿಲ್ಲ. ಟಗ್ಗಿನ ಗಾಜಿನ ಹಿಂದೆ ಹುಬ್ಬು ಗಂಟಿಕ್ಕಿದ ಅತ್ತೆಯ ಮುಖ. ಆಗ ಅವಳಿಗೆ ಮನೆಯ ಉಪಾಯವೇ ಹೊಳೆಯಿತು. ಪಕ್ಕದಲ್ಲಿ ನಿಂತಿದ್ದ ಲಗೇಜು ಗಾಡಿಯ ಮರೆಗೆ ಮೆಲ್ಲಗೆ ಸರಿದಳು. ಮರೆಯಾದರೆ ಅತ್ತೆ ತಾವಾಗಿಯೇ ನಿಲ್ಲಿಸಬೇಕಲ್ಲ! ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅತ್ತೆಯನ್ನು ಹಾವು ಅಂದದ್ದಲ್ಲ, ಗಾದೆ ಇರುವುದೇ ಹಾಗೆ.

ವಿಮಾನ ನಿಂತಿತು. ಎಂಜಿನ್ನು ಆರಿದ ವಿಮಾನ, ಕೂಗಿದರೆ ಕೇಳುತ್ತಿತ್ತು. ಅತ್ತೆ ಕಿವಿಯ ಮುಚ್ಚಳ ಸರಿಸಿ ಟಗ್ಗಿನಿಂದ ಹೊರಗೆ ಬಾಗಿದರು. "ಎಲ್ಲೇ ಹೋದೆ?"

"ಶೂ ಲೇಸು ಬಿಚ್ಚಿತ್ತು ಅತ್ತೆ!"

ಸುಳ್ಳು ಬಾಯಿಂದ ಹೊರಬಿದ್ದ ಮೇಲೆ ಮಾಡುವುದೇನು? ಗಟ್ಟಿಯಾಗಿಯೇ ಇದ್ದ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದಳು. ಅವಳು ಎದ್ದು ನಿಂತದ್ದೇ ತಡ, ಅತ್ತೆ ಕಳೆದ ಹೊತ್ತನ್ನು ತುಂಬಿಸಿಕೊಳ್ಳಲು ಇನ್ನೂ ಚುರುಕಾಗಿ ತಳ್ಳತೊಡಗಿದರು. ರೆಕ್ಕೆಗೂ ಲಾರಿಗೂ ನಡುವಿನ ಜಾಗ ನೋಡುನೋಡುತ್ತಲೇ ಕರಗಿತು. ಲಾರಿಯೊಳಗೆ ಯಾರಾದರೂ ಡಬ್ಬಿ ಜೋಡಿಸುತ್ತಿದ್ದರೆ? ಅತ್ತೆ, ಕೆಲಸ, ಮನೆ ಎಲ್ಲ ಮರೆತುಹೋಯಿತು. ಎರಡೂ ಕೋಲು ತಲೆಯ ಮೇಲೆ ಅಡ್ಡ ಬಿದ್ದವು.

ಟಗ್ಗು ಕಿರ್ರೆಂದು ನಿಂತಿತು. ಬಲರೆಕ್ಕೆಯವನು ಬಾಯಿ ತೆರೆದುಕೊಂಡು ನಿಂತ. ಅತ್ತೆ ಇಳಿದು, ರೆಕ್ಕೆಯ ತುದಿಯವರೆಗೆ ನಡೆದು ಬಂದು ಕತ್ತೆತ್ತಿ ನೋಡಿದರು. ಒಂದು ಗೇಣು ಅಂತರ. ಲಾರಿಯ ಪೆಟ್ಟಿಗೆಯಿಂದ ಒಂದು ತಲೆ ಹೊರಗೆ ಬಂತು. "ಏನಾಯ್ತು ದೊಡ್ಡಮ್ಮ?"

"ಏನೂ ಆಗ್ಲಿಲ್ಲಪ್ಪ. ಮೊದ್ಲು ಲಾರಿ ತೆಗಿ," ಅಂದರು ಅತ್ತೆ. ಲಾರಿ ಗೆರೆಯೊಳಗೆ ಸರಿಯುವವರೆಗೂ ಅವರು ಟಗ್ಗು ಹತ್ತಲಿಲ್ಲ.

ಸಂಜೆ ಮೇಲ್ವಿಚಾರಕ ತನ್ನ ಪುಟ್ಟ ಕೋಣೆಗೆ ಇಬ್ಬರನ್ನೂ ಕರೆಸಿ, ಚಹಾದ ಲೋಟ ಹಿಡಿದು ಕೇಳಿದ: "ಹೇಗೆ ದೊಡ್ಡಮ್ಮ, ಖಾಯಂ ಮಾಡೋಣ್ವಾ?"

"ಇವತ್ತು ಎರಡು ಸಲ ನನ್ನ ನಿಲ್ಲಿಸಿದ್ಲು. ಎರಡನೇದು ಕೆಲಸ. ಮೊದಲನೇದು ಕಣ್ಣಾಮುಚ್ಚಾಲೆ. ಲೇಸು ಬಿಚ್ಚಿರ್ಲಿಲ್ಲ, ನನಗೇನು ಕಣ್ಣಿಲ್ವಾ? ಮನೇಲೂ ಇವಳು ಹೀಗೇ. ಬೇಡ ಅಂತ ಬಾಯ್ಬಿಟ್ಟು ಹೇಳಲ್ಲ, ಒಳಗೆ ಹೋಗ್ಬಿಡ್ತಾಳೆ. ನಾನು ಎಲ್ಲಾ ಸರಿ ಇದೆ ಅಂದ್ಕೊಂಡು ತಳ್ತಾನೇ ಇರ್ತೀನಿ. ಎಲ್ಲಿ ತಾಗ್ತಿದೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು? ಬೇಡ ಸಾರ್. ನಿಲ್ಲಿಸೋಕೆ ಹೆದರೋರು ರೆಕ್ಕೆ ಹತ್ರ ಬೇಡ."

ಸೊಸೆಯ ಕಣ್ಣು ತುಂಬಿತು. ಅತ್ತೆಯ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಅದೇ ಉರಿ. ಕಾಲು ಅಭ್ಯಾಸಬಲದಿಂದ ಬಾಗಿಲ ಕಡೆಗೆ ತಿರುಗಿತು. ಆದರೆ ಅವಳು ಹೊಸ್ತಿಲು ದಾಟಲಿಲ್ಲ.

"ನೀವು ಓಡಿಸ್ತಿದ್ರಿ ಅತ್ತೆ," ಅಂದಳು. "ನಡೆಯೋ ವೇಗ ಆಗಿರ್ಲಿಲ್ಲ ಅದು, ನಾನು ಓಡ್ತಾ ಇದ್ದೆ. ಮರೆಯಾಗಿದ್ದು ನನ್ನ ತಪ್ಪು, ಒಪ್ಕೋತೀನಿ. ನಿಮ್ಮ ತಪ್ಪೂ ಸಾರ್‌ಗೆ ಹೇಳಿ."

ಮೇಲ್ವಿಚಾರಕ ಚಹಾದ ಲೋಟದೊಳಗೇ ಇಣುಕುತ್ತ ಕೂತ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ; ಎರಡೂ ಕಾಲ ಒಂದೇ ಕೋಣೆಯಲ್ಲಿ ಕೂಡಿದರೆ ನಡುವೆ ಸಿಕ್ಕವನ ಗತಿ ಏನೆಂದು ಯಾವ ಗಾದೆಯೂ ಹೇಳುವುದಿಲ್ಲ.

"ಹೌದು ಸಾರ್, ಜೋರಾಗಿ ತಳ್ಳಿದ್ದೆ," ಅಂದರು ಅತ್ತೆ. "ನನ್ನ ಮೇಲೆ ಏನು ಕ್ರಮ ತಗೋಬೇಕೋ ತಗೊಳ್ಳಿ. ಇವಳನ್ನ ಖಾಯಂ ಮಾಡ್ಕೊಳ್ಳಿ."

"ಈಗ ತಾನೇ ಬೇಡ ಅಂದ್ರಲ್ಲ?"

"ಆಗ ಇವಳಿಗೆ ಬಾಯಿ ಇರ್ಲಿಲ್ಲ, ಈಗ ಬಂತು. ಈ ಬಾಯಿ ಇಟ್ಕೊಂಡು ದಿನವಿಡೀ ಮನೇಲಿ ಕೂತ್ರೆ ನನಗೆ ಉಳಿಗಾಲ ಇದ್ಯಾ?"

ಸೊಸೆ ಅಳುತ್ತಲೇ ನಕ್ಕಳು, ಹಲ್ಲೆಲ್ಲ ಕಾಣುವ ಹಾಗೆ. ಅತ್ತೆಯ ಎದುರು ಅವಳು ಹಾಗೆ ನಕ್ಕದ್ದು ಅದೇ ಮೊದಲು.