ಬುಡ್ತು ಅನ್ನಿಸೋಕೆ ಮುಂಚೆ

ಬಿಳಿಗೆರೆಯ ತಿಮ್ಮಕ್ಕನಿಗೆ ಯಾರ ಮೇಲೂ ನಂಬಿಕೆ ಇಲ್ಲ. ಡೇರಿಯಲ್ಲಿ ಹಾಲು ಅಳೆಯುವಾಗಲೂ ಬಗ್ಗಿ ನೋಡೋ ಹೆಂಗಸು. ಬ್ಯಾಗು ನೇತು ಹಾಕ್ಕೊಂಡು ಬಸ್ಸಿಳಿದು ಬಂದ ಹುಡುಗೀನ ಸುಮ್ಮನೆ ನಂಬ್ತಾಳಾ?

ಬಂದವಳು ಭಾನುಪ್ರಿಯಾ. ತಿಪಟೂರಿನ ಕೌನ್ಸೆಲರ್, ಅಂದರೆ ಮನಸ್ಸಿನ ಕಷ್ಟ ಕೇಳಿ ದಾರಿ ತೋರಿಸೋರು. ಆಶಾ ಕಾರ್ಯಕರ್ತೆ ಓಬಮ್ಮನೇ ಕರೆಸಿದ್ದಳು, ತಿಮ್ಮಕ್ಕನ ಮಗ ಗಂಗಾಧರನಿಗೋಸ್ಕರ. ಸುತ್ತಲ ತೋಟಗಳಲ್ಲೆಲ್ಲ ತೆಂಗಿನಕಾಯಿ ಕೀಳುತ್ತಿದ್ದ ಅವನು ಹೋದ ವರ್ಷ ಮರದಿಂದ ಬಿದ್ದು ಸೊಂಟ ಮುರ್ಕೊಂಡ. ಈಗ ಗೋಡೆ ಕಡೆ ಮುಖ ಮಾಡಿ ಮಲಗಿರ್ತಾನೆ. ಊಟ ಅಷ್ಟಕ್ಕಷ್ಟೇ, ಮಾತಂತೂ ಇಲ್ಲ.

"ಯಾರದೋ ಕಣ್ಣು ಬಿದ್ದೈತೆ ಕಣೇ ಓಬಮ್ಮ. ಇವಳು ಮಾತಾಡಿ ವಾಸಿ ಮಾಡ್ತಾಳಾ? ಮನೆ ವಿಚಾರ ಕೇಳ್ಕೊಂಡು ಹೋಗಿ ಊರೆಲ್ಲ ಟಾಂ ಟಾಂ ಮಾಡ್ತಾಳೆ, ನೋಡ್ತಿರು."

"ಒಂದು ಮಾತೂ ಆಚೆಗೆ ಬಿಡಲ್ಲ ಕಣಕ್ಕ. ಅವರ ಕೆಲಸಾನೇ ಹಂಗೆ."

ತಿಮ್ಮಕ್ಕ ಹ್ಞೂಂ ಅಂದಳು, ಒಪ್ಪಲಿಲ್ಲ. ಜಗಲಿ ಮೇಲೆ ಕೊಬ್ಬರಿ ಸುಲಿಯೋ ನೆಪದಲ್ಲಿ ಕೂತು ಕಿವಿಯನ್ನ ಒಳಕ್ಕೆ ಬಿಟ್ಟಳು. ಒಳಗೆ ಮೊದಲು ನಿದ್ದೆ, ನೋವು ಅಂತ ಮಾತಾಯಿತು. ಆಮೇಲೆ ಆ ಹುಡುಗಿ ಮೆತ್ತಗೆ, ಆದರೆ ಬಿಡಿಸಿ ಕೇಳಿದಳು:

"ಗಂಗಾಧರ್, ಸತ್ತೋಗೋಣ ಅಂತ ಯಾವತ್ತಾದ್ರೂ ಅನ್ಸುತ್ತಾ?"

ಅಯ್ಯಯ್ಯೋ! ತಿಮ್ಮಕ್ಕ ಕೈಲಿದ್ದದ್ದು ಬಿಸಾಕಿ ಒಳಕ್ಕೆ ನುಗ್ಗಿದಳು.

"ಏನಮ್ಮಿ ಕೇಳ್ತಿದ್ದೀಯ? ಅಸ್ತು ದೇವತೆಗಳು ಅಸ್ತು ಅಂದ್ಬುಟ್ರೆ ಗತಿ ಏನು? ಇಲ್ಲದ್ದನ್ನ ನನ್ ಮಗನ ತಲೆಗೆ ತುಂಬಕ್ಕೆ ಬಂದಿದ್ದೀಯಾ? ಬುಡ್ತು ಅನ್ನು! ಮೊದ್ಲು ಬುಡ್ತು ಅನ್ನು!"

ಕೆಟ್ಟ ಮಾತು ಯಾರ ಬಾಯಿಂದ ಬಂದರೂ ನಾವು ಹಂಗೆ ಅನ್ನಿಸಿಬಿಡ್ತೀವಲ್ಲ. ಭಾನುಪ್ರಿಯಾ ಏನಾದರೂ ಹೇಳೋಕೆ ಮುಂಚೆ ಗಂಗಾಧರ್ ಈ ಕಡೆ ಹೊರಳಿದ.

"ಅವ್ವಾ, ನಾನೂ ಹೇಳಕ್ಕೆ ಬಂದಿದ್ದೆ. ಯುಗಾದಿ ದಿವ್ಸ ಒಂದ್ಸಲ, ಮೊನ್ನೆ ಕೊಟ್ಟಿಗೇಲಿ ಒಂದ್ಸಲ. ನಾನಿದ್ದೇನ್ ಉಪಯೋಗ, ಸತ್ರೇ ವಾಸಿ ಅಂದೆ. ನೀನು ಬುಡ್ತು ಅನ್ನಿಸ್ದೆ. ಅಂದು ಸುಮ್ಕಾದೆ. ಆ ಯೋಚ್ನೆ ಮಾತ್ರ ಹೋಗ್ನಿಲ್ಲ ಕಣವ್ವ."

ತಿಮ್ಮಕ್ಕ ಮಗನ ಪಕ್ಕ ಕೂತಳು. ಆದರೂ ಅನುಮಾನ ಹೋಗಲಿಲ್ಲ. "ಇದನ್ನೆಲ್ಲ ಕೇಳು ಅಂತ ನಿಂಗ್ಯಾರು ಹೇಳ್ಕೊಟ್ರು?" ಅಂದಳು.

"ತರಬೇತೀಲಿ ಕಲಿತಿದ್ದಮ್ಮ. ಮೊದ್ಲು ನಂಗೂ ನಾಲಿಗೆ ಹೊರಳ್ತಿರ್ಲಿಲ್ಲ. ನಾನೂ ಬುಡ್ತು ಅನ್ನೋ ಮನೇಲೇ ಬೆಳೆದೋಳು. ನಾವು ನಾವೇ ಎದುರುಬದುರು ಕೂತು, ಕೇಳಿ ಕೇಳಿ ರೂಢಿ ಮಾಡ್ಕೊಂಡ್ವಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟಲ್ಲ. ಒಳಗಿದ್ರೆ ಹೊರಗೆ ಬರುತ್ತೆ. ಹಿಂದೆ ಏನಾದ್ರೂ ಮಾಡ್ಕೊಳ್ಳಕ್ಕೆ ಹೋಗಿದ್ರಾ, ಈಗ ಏನಾದ್ರೂ ತಯಾರಿ ಮಾಡ್ಕೊಂಡಿದಾರಾ, ಜೊತೇಲಿ ಯಾರಿರ್ತಾರೆ, ಎಲ್ಲಾ ಕೇಳ್ಬೇಕು. ಆಗ್ಲೇ ಅಪಾಯ ಎಷ್ಟು ಹತ್ರ ಇದೆ ಅಂತ ತಿಳಿಯೋದು." ಆಮೇಲೆ ಗಂಗಾಧರನ ಕಡೆ ತಿರುಗಿ, "ಅವ್ವ ಇಲ್ಲೇ ಇರ್ಲಾ?" ಅಂದಳು. ಅವನು ಇರ್ಲಿ ಅಂತ ತಲೆಯಾಡಿಸಿದ.

ಅವನು ಎಲ್ಲಾ ಹೇಳಿದ, ಅವ್ವ ಕೇಳಿಸ್ಕೊಂಡಳು. ಕೈಗೆ ಸಿಗಬಾರದ್ದನ್ನೆಲ್ಲ ಅವತ್ತೇ ಬೀಗದೊಳಗೆ ಇಟ್ಟು, ಬೀಗದ ಕೈ ಓಬಮ್ಮನಿಗೆ ಕೊಟ್ಟರು. "ಇವರನ್ನ ಒಬ್ಬರನ್ನೇ ಬಿಡಬೇಡಿ. ಬೆಳಿಗ್ಗೆ ಡಾಕ್ಟರ್ ಹತ್ರ ಹೋಗೋಣ, ನಾನೇ ಬರ್ತೀನಿ," ಅಂದಳು ಭಾನುಪ್ರಿಯಾ. ಬಂದಾಗ ನೋಡೋಣ ಅಂದುಕೊಂಡಳು ತಿಮ್ಮಕ್ಕ. ಹುಡುಗಿ ಮೊದಲನೇ ಬಸ್ಸಿಗೇ ಬಂದಳು.

ಈಗ ಗಂಗಾಧರ್ ಮಾತ್ರೆ ತಗೋತಾನೆ, ಭಾನುಪ್ರಿಯಾ ಹತ್ರ ಹೋಗಿ ಮಾತಾಡ್ತಾನೆ. ಎಲ್ಲಾ ಸರಿಹೋಯ್ತು ಅಂತ ಸುಳ್ಳು ಹೇಳೋದು ಬೇಡ. ಮೊನ್ನೆ ಮುದ್ದೆ ಮುಂದಿಟ್ಟುಕೊಂಡು ಸುಮ್ಮನೆ ಕೂತುಬಿಟ್ಟಿದ್ದ. ಕೇಳೋಕೆ ತಿಮ್ಮಕ್ಕನಿಗೆ ಹೆದರಿಕೆ. ಆದರೂ ಪಕ್ಕದಲ್ಲಿ ಕೂತು ತನ್ನ ಬಾಯಿಂದಲೇ ಕೇಳಿದಳು:

"ಮಗಾ, ಸಾಯೋ ಯೋಚ್ನೆ ಬಂದೈತಾ?"

"ಇವತ್ತಿಲ್ಲ ಕಣವ್ವ. ಬಂದ್ರೆ ನಿನ್ ಹತ್ರನೇ ಹೇಳ್ತೀನಿ."

ತಿಮ್ಮಕ್ಕ ಸೆರಗಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಅಕ್ಕಂದಿರಾ, ಅಣ್ಣಂದಿರಾ, ನಿಮ್ಮ ಮನೇಲೂ ಯಾರಾದರೂ ಹಿಂಗೆ ಮಂಕಾಗಿದ್ದರೆ ಬಾಯಿ ಮುಚ್ಚಿಸಬೇಡಿ. ಹತ್ತಿರ ಕೂತು ನೇರವಾಗಿ ಕೇಳಿ, ಪೂರ್ತಿ ಕೇಳಿಸ್ಕೊಳ್ಳಿ, ಒಬ್ಬರನ್ನೇ ಬಿಡಬೇಡಿ. ಟೆಲಿ ಮಾನಸ್ ಅನ್ನೋ ಸರ್ಕಾರದ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಹಗಲೂ ರಾತ್ರಿ ಕನ್ನಡದಲ್ಲೇ ಮಾತಾಡ್ತಾರೆ. ಕಷ್ಟ ಕೇಳೋ ಕೆಲಸದಲ್ಲಿರೋರೇ, ಈ ಪ್ರಶ್ನೆ ಕೇಳೋದನ್ನ ತರಬೇತಿ ತಗೊಂಡು ಕಲೀರಿ. ಯಾರೋ ಒಬ್ಬರು ಕೇಳಲಿ ಅಂತ ಒಂದು ಜೀವ ಇವತ್ತೂ ಕಾಯ್ತಿರಬಹುದು.