ಖಾತ್ರಿಯಾಗದ ಗೂಡು

ಬೌಕ್ಯೆಯ ಕ್ಯಾಮೆರಾದಲ್ಲಿ ಆ ವಾರ ಇನ್ನೂರ ಹನ್ನೊಂದು ಚಿತ್ರಗಳಿದ್ದವು. ಅಷ್ಟರಲ್ಲೂ ಸ್ಪಷ್ಟವಾಗಿ ಬಂದದ್ದು ಒಂದು ಎಲೆ ಮಾತ್ರ. ಅಡುಗೆಮನೆಯ ಹೊರಗೋಡೆಗೆ ಹಬ್ಬಿದ್ದ ಹನಿಸಕಲ್ ಬಳ್ಳಿಯ ಎಲೆ ಅದು, ಸರಿಯಾಗಿ ಗೂಡಿನ ಮುಂದೆಯೇ ಜೋತುಬಿದ್ದಿತ್ತು. ಅದರ ಹಿಂದೆ ಮಸುಕಾಗಿ ನೊಣಹಿಡುಕ ಹಕ್ಕಿಯ ಬಾಲವೋ ಬೆನ್ನೋ ಏನೋ ಒಂದು ಕಾಣುತ್ತಿತ್ತು.

ಬೇರೆಯವರಾಗಿದ್ದರೆ ಎಲೆಯನ್ನು ಚಿವುಟಿ ಹಾಕಿ ಕೆಲಸ ಮುಗಿಸುತ್ತಿದ್ದರು. ಬೌಕ್ಯೆ ಮುಟ್ಟಲಿಲ್ಲ. ಎಲೆಯ ಮರೆಯಿದೆ ಎಂದೇ ಹಕ್ಕಿ ಅಲ್ಲಿ ಗೂಡು ಕಟ್ಟಿದೆ ಎಂದು ಅವಳಿಗೆ ಗೊತ್ತಿತ್ತು.

ಚಿತ್ರ ಬೇಕಾದದ್ದು ಗೋಡೆಗೆ ತೂಗುಹಾಕಲಿಕ್ಕಲ್ಲ, ಸಾಕ್ಷಿಗೆ. ಹಿಂದಿನ ವರ್ಷವೂ ಅದರ ಹಿಂದಿನ ವರ್ಷವೂ ಈ ಜೋಡಿ ಇಲ್ಲೇ ಮರಿ ಮಾಡಿತ್ತು. ಎರಡು ಸಲವೂ ಊರಿನ ಪಕ್ಷಿಸಂಘದ ಕಾರ್ಯದರ್ಶಿ ಪೋಸ್ತುಮಾ ಗೂಡುಗಳನ್ನು ದಾಖಲಿಸುವ ತನ್ನ ದಪ್ಪ ಪುಸ್ತಕದಲ್ಲಿ 'ಖಾತ್ರಿಯಾಗಿಲ್ಲ' ಎಂದು ಬರೆದಿದ್ದ. ನೊಣಹಿಡುಕಗಳು ಹಳ್ಳಿಯ ತೋಪುಗಳಲ್ಲಿ ಗೂಡು ಕಟ್ಟುತ್ತವೆಯೇ ಹೊರತು ಕಾಲುವೆ ಬದಿಯ ಸಾಲುಮನೆಗಳ ಹಿತ್ತಿಲಲ್ಲಲ್ಲ ಎಂದು ಅವನ ವಾದ. ಈ ಸಲ ಬೌಕ್ಯೆ ಹಟ ಹಿಡಿದು ಸಂಘದ ಉದ್ದನೆಯ ಲೆನ್ಸನ್ನು ಎರಡು ವಾರಕ್ಕೆ ತಂದಿದ್ದಳು. ಶನಿವಾರ ಅದನ್ನು ಹಿಂದಿರುಗಿಸಬೇಕಿತ್ತು.

ಅವಳದ್ದು ದೋಣಿಗಳಿಗೆ ದಾರಿ ಬಿಡಲು ಕಾಲುವೆಯ ಸೇತುವೆ ಎತ್ತಿ ಇಳಿಸುವ ಕೆಲಸ. ಜೂನ್ ಬಂತೆಂದರೆ ಫ್ರೀಸ್‌ಲ್ಯಾಂಡ್ ಪ್ರಾಂತ್ಯದ ನೀರಿನಲ್ಲೆಲ್ಲ ದೋಣಿಗಳೇ. ಒಂಬತ್ತಕ್ಕೆ ಕ್ಯಾಬಿನ್ನಿನಲ್ಲಿ ಕೂತರೆ ಸಂಜೆಯವರೆಗೆ ಅಲುಗಾಡುವಂತಿರಲಿಲ್ಲ. ಬೆಳಗ್ಗೆ ಆರಕ್ಕೆ ಎದ್ದು ಹಕ್ಕಿಗೆ ಕಾಣದಂತೆ ಹಿತ್ತಿಲಿನ ಹಳೇ ಡೇರೆಯೊಳಗೆ ಮುದುರಿ ಕೂತರೆ ಮೋಡ ಕವಿದಿರುತ್ತಿತ್ತು. ಅವಳು ಸೈಕಲ್ ಹತ್ತಿ ಹೊರಟ ಕೂಡಲೇ ಬಿಸಿಲು ಬೀಳುತ್ತಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಚೀಸ್ ಇಟ್ಟ ಬ್ರೆಡ್ಡನ್ನು ಬಾಯಲ್ಲಿ ಕಚ್ಚಿಕೊಂಡೇ ಓಡಿಬಂದರೆ ಹಕ್ಕಿ ಅವಳಿಗೆ ಬೆನ್ನು ತೋರಿಸಿ ಕೂತಿರುತ್ತಿತ್ತು.

ಗುರುವಾರ ಸಂಜೆ ಮನೆಗೆ ಬಂದಾಗ ಪಕ್ಕದ ಮನೆಯಲ್ಲಿದ್ದ ಅವಳ ತಮ್ಮ ರಿಂಡರ್ಟ್ ಹಿತ್ತಿಲಲ್ಲಿ ಏಣಿಯ ಪಕ್ಕ ನಿಂತಿದ್ದ. ಕೈಯಲ್ಲಿ ಗಿಡ ಕತ್ತರಿಸುವ ಕತ್ತರಿ, ಮುಖದ ತುಂಬ ನಗು.

"ಬಾ ಬಾ, ನೋಡು! ಸಿನಿಮಾ ಪರದೆ ಥರ ಮಾಡಿದೀನಿ. ಇನ್ನು ನಿನ್ನ ಗೋಳಾಟ ಮುಗೀತು."

ಎಲೆ ಇರಲಿಲ್ಲ. ಎಲೆಯಷ್ಟೇ ಅಲ್ಲ, ಗೂಡಿನ ಸುತ್ತ ಒಂದು ಮೊಳದಷ್ಟು ಬಳ್ಳಿಯನ್ನೇ ಅವನು ಬೋಳಿಸಿಬಿಟ್ಟಿದ್ದ. ಪಡುವಣ ಬಿಸಿಲು ನೇರವಾಗಿ ಗೂಡಿಗೆ ಹೊಡೆಯುತ್ತಿತ್ತು.

"ಯಾರು ಹೇಳಿದ್ದೋ ನಿಂಗೆ ಕತ್ತರಿಸು ಅಂತ?"

"ಯಾರೂ ಹೇಳ್ಲಿಲ್ಲ. ಒಂದು ವಾರದಿಂದ ಎಲೆ ಎಲೆ ಅಂತ ನನ್ನ ತಲೆ ತಿಂತಿದ್ದೆ. ತೆಗೆದೆ. ಒಂದು ಥ್ಯಾಂಕ್ಸ್ ಆದ್ರೂ ಹೇಳ್ಬಾರ್ದೇನೇ?"

ಬೌಕ್ಯೆ ಡೇರೆಗೆ ನುಗ್ಗಿ ಲೆನ್ಸಿಗೆ ಕಣ್ಣಿಟ್ಟಳು. ಎಲ್ಲವೂ ಕಾಣುತ್ತಿತ್ತು. ನಾಲ್ಕು ಮರಿಗಳು, ನಾಲ್ಕು ಹಳದಿ ಬಾಯಿಗಳು. ತಾಯಿ ಗೂಡಿನ ಅಂಚಿನಲ್ಲಿ ನಿಂತು ರೆಕ್ಕೆಗಳನ್ನು ಅರೆಬಿಚ್ಚಿ ಮರಿಗಳಿಗೆ ನೆರಳು ಮಾಡುತ್ತಿತ್ತು. ಎರಡು ವರ್ಷ ಕಾದ ಚಿತ್ರ ಎದುರಿಗೇ ಇತ್ತು. ಆದರೆ ಆ ಬಾಯಿಗಳು ಹಸಿದು ತೆರೆದವಲ್ಲ, ಸೆಕೆಗೆ ಏದುಸಿರು ಬಿಡುತ್ತಿದ್ದವು. ಅವಳ ಬೆರಳು ಗುಂಡಿಯ ಮೇಲೆ ಒಂದು ಕ್ಷಣ ನಿಂತಿತು. ಮರುಕ್ಷಣ ಅದನ್ನು ಒತ್ತದೆಯೇ ಅವಳು ಕ್ಯಾಮೆರಾ ಬಿಟ್ಟು ಹೊರಗೆ ಬಂದಳು.

"ನೆರಳು ಬೇಕು, ರಿಂಡರ್ಟ್. ಈಗ್ಲೇ. ಸುಟ್ಟುಹೋಗ್ತವೆ ಅವು. ಬಿಸಿಲಿಗೆ ಸಾಯದಿದ್ರೆ ಆ ಕಳ್ಳ ಹಕ್ಕಿ ಮ್ಯಾಗ್‌ಪೈ ಬಂದು ಮರಿಗಳನ್ನ ಎತ್ಕೊಂಡು ಹೋಗುತ್ತೆ."

ರಿಂಡರ್ಟನ ನಗು ಆರಿತು. "ನಾನು... ಅದು ನನ್ನ ತಲೆಗೇ ಬರ್ಲಿಲ್ಲ ಕಣೇ."

"ನಿನ್ನ ತಲೆಗೆ ಏನು ತಾನೇ ಬಂದಿದೆ ಇಲ್ಲೀವರೆಗೆ? ನಡಿ!"

ಅವನು ಬಡಗಿ. ಕಾಲು ಗಂಟೆಯೊಳಗೆ ತೆಳ್ಳನೆಯ ಪಟ್ಟಿಗಳನ್ನು ಜೋಡಿಸಿ ಒಂದು ಜಾಲರಿ ಮಾಡಿ ತಂದ. ಕತ್ತರಿಸಿ ಬಿದ್ದ ಕೊಂಬೆಗಳನ್ನು ಬೌಕ್ಯೆ ಅದಕ್ಕೆ ಹೆಣೆದು ಕಟ್ಟಿದಳು. ಅವನು ಏಣಿ ಹತ್ತಿ ಅದನ್ನು ಗೂಡಿನ ಮುಂದೆ ನಿಲ್ಲಿಸುವಾಗ ಎರಡೂ ಹಕ್ಕಿಗಳು ಬೇಲಿಯ ಮೇಲೆ ಕೂತು ಟಿಕ್ ಟಿಕ್ ಎಂದು ಬೈಯುತ್ತಿದ್ದವು. ಆಮೇಲೆ ಅಕ್ಕ ತಮ್ಮ ಇಬ್ಬರೂ ಅಡುಗೆಮನೆಯೊಳಗೆ ನಿಂತು ಕಾದರು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಹಕ್ಕಿಗಳು ಬೇಲಿ ಬಿಟ್ಟು ಕದಲಲಿಲ್ಲ.

"ಬರಲ್ವೇನೇ?" ರಿಂಡರ್ಟ್ ಪಿಸುಗುಟ್ಟಿದ.

"ಬಾಯಿ ಮುಚ್ಕೊಂಡಿರೋ."

ಅರ್ಧ ಗಂಟೆ ದಾಟಿದ ಮೇಲೆ ಒಂದು ಹಕ್ಕಿ ಕೊಕ್ಕಿನಲ್ಲಿ ನೊಣ ಕಚ್ಚಿಕೊಂಡು ಜಾಲರಿಯ ಬದಿಯಿಂದ ಒಳನುಗ್ಗಿತು. ರಿಂಡರ್ಟ್ ಕುರ್ಚಿಯ ಮೇಲೆ ಕುಸಿದು ಕೂತ. ಬೌಕ್ಯೆಗೆ ಸಮಾಧಾನವೂ ಆಯಿತು, ಅಳುವೂ ಬಂತು. ಈಗ ಡೇರೆಯಿಂದ ನೋಡಿದರೆ ಗೂಡಿರಲಿ, ಗೂಡಿನ ಒಂದು ಕಡ್ಡಿಯೂ ಕಾಣುತ್ತಿರಲಿಲ್ಲ.

ಶುಕ್ರವಾರ ಬೆಳಗ್ಗೆ ಮ್ಯಾಗ್‌ಪೈ ಬಂದೇ ಬಂತು. ಅವಳು ಬಕೆಟ್ ಬಡಿದು ಓಡಿಸಿದರೂ ಮತ್ತೆ ಮತ್ತೆ ಬಂದು ಕೂತಿತು. ಕೊನೆಗೆ ರಿಂಡರ್ಟನನ್ನು ಕಾವಲಿಗೆ ಕೂರಿಸಿ ಸೇತುವೆಗೆ ಹೋಗುವಷ್ಟರಲ್ಲಿ ಇಪ್ಪತ್ತು ನಿಮಿಷ ತಡವಾಗಿತ್ತು. ಆರು ದೋಣಿಗಳು ಹಾರನ್ ಒತ್ತುತ್ತ ನಿಂತಿದ್ದವು. "ನಿದ್ದೆ ಆಯ್ತೇನಮ್ಮ?" ಎಂದು ಒಬ್ಬ ಕೂಗಿದ. ಅವಳು ಕ್ಯಾಬಿನ್ನಿಗೆ ಓಡಿ ಸೇತುವೆ ಎತ್ತಿದಳು.

ಶನಿವಾರ ಲೆನ್ಸ್ ಸಂಘಕ್ಕೆ ವಾಪಸ್ ಹೋಯಿತು. ಮರಿಗಳು ಹಾರಿದ್ದು ಅದರ ಮುಂದಿನ ಬುಧವಾರ, ಹಗಲು ಹನ್ನೊಂದಕ್ಕೆ. ಸೇತುವೆ ಮೇಲೆತ್ತಿದ್ದಾಗ ಅವಳ ಫೋನ್ ಹೊಡೆದುಕೊಂಡಿತು. ರಿಂಡರ್ಟ್.

"ಬೇಗ ಬಾರೇ! ನಾಲ್ಕೂ ಬಟ್ಟೆ ಹಗ್ಗದ ಮೇಲೆ ಕೂತಿವೆ! ಸಾಲಾಗಿ!"

"ಸೇತುವೆ ಮೇಲಿದೆ ಕಣೋ, ಎರಡೂ ಕಡೆ ಕಾರುಗಳು ನಿಂತಿವೆ! ನೀನೇ ಒಂದು ಫೋಟೋ ತೆಗಿ. ಹತ್ರ ಹೋಗ್ಬೇಡ. ಕೈ ಅಲ್ಲಾಡಿಸ್ಬೇಡ."

ರಿಂಡರ್ಟ್ ತೆಗೆದ. ಚಿತ್ರದ ಅರ್ಧಭಾಗ ಅವನ ಹೆಬ್ಬೆರಳೇ ಇತ್ತು. ಉಳಿದರ್ಧದಲ್ಲಿ ಬೌಕ್ಯೆಯ ಒದ್ದೆ ಟವೆಲ್ಲಿನ ಪಕ್ಕ ನಾಲ್ಕು ಬೂದು ಚುಕ್ಕೆಗಳು.

ಆ ವಾರ ಸಂಘದ ಸಭೆಯಲ್ಲಿ ಪೋಸ್ತುಮಾ ಕನ್ನಡಕ ಮೇಲೇರಿಸಿ ಆ ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದ. "ಗುಬ್ಬಿಗಳೂ ಆಗಿರಬಹುದಲ್ಲಮ್ಮ."

"ಗುಬ್ಬಿ ಅಲ್ಲ. ಅದೇ ಬಳ್ಳಿ ಮುಂದೆ ಎರಡು ವಾರ ಕೂತಿದ್ದವಳು ನಾನು. ಬಂದು ಗೂಡಾದ್ರೂ ನೋಡಿ."

"ಖಾಲಿ ಗೂಡು ನೋಡಿ ಏನು ಹೇಳ್ಲಿ? ನಿಯಮ ಅಂತ ಒಂದಿದೆ. ಬೇಜಾರು ಮಾಡ್ಕೋಬೇಡಿ." ಅವನು ಪೆನ್ನು ತೆಗೆದು ನಿಧಾನಕ್ಕೆ ಬರೆದ, 'ಖಾತ್ರಿಯಾಗಿಲ್ಲ.'

ಬೌಕ್ಯೆಗೆ ಪುಸ್ತಕವನ್ನು ಕಿತ್ತು ಕಾಲುವೆಗೆ ಎಸೆಯುವಷ್ಟು ಸಿಟ್ಟು ಬಂತು. ಎಸೆಯಲಿಲ್ಲ. ಪುಟದ ಮೇಲೆ ಬೆರಳಿಟ್ಟು ಹೇಳಿದಳು: "ಹಾಗಾದ್ರೆ ಅದರ ಕೆಳಗೆ ನನ್ನ ಹೆಸರೂ ಬರೀರಿ. ಹೇಳಿದ್ದು ಯಾರು ಅಂತ ಇರ್ಲಿ. ಮರಿ ನಾಲ್ಕು, ಅದನ್ನೂ ಬರೀರಿ."

ಪೋಸ್ತುಮಾ ಒಮ್ಮೆ ಅವಳ ಮುಖ ನೋಡಿದ. ಹೆಸರು ಬರೆದ. ಒಂದು ಅಕ್ಷರ ತಪ್ಪಿತ್ತು. ಅವಳು ಅದನ್ನು ತಿದ್ದಿಸಿದ ಮೇಲೆಯೇ ಕೋಟು ತೊಟ್ಟು ಹೊರಟಳು.